ಅಳದ ಅಳಿಯನ ಕಣ್ಣು ಪರೀಕ್ಷೆ

ತಫೀದಾ: ಊರಿನವರ ಅಂಗಿಗೆಲ್ಲ ನೀರು ಚಿಮುಕಿಸೋ ಮನುಷ್ಯ ಇವರು, ಡಾಕ್ಟರಮ್ಮ. ನಮ್ಮಮ್ಮನ ಹೆಣದ ಮುಂದೆ ಎರಡು ಹನಿ ಚಿಮುಕಿಸೋಕೆ ಆಗ್ಲಿಲ್ಲ ಇವರ ಕೈಲಿ.

ಬಯೂಮಿ: ಅಂಗಿಗೆ ಚಿಮುಕಿಸೋದು ನಲ್ಲಿ ನೀರು ಕಣೆ. ಅದಕ್ಕೂ ಕಣ್ಣಿಗೂ ಏನು ಸಂಬಂಧ?

ತಫೀದಾ: ಅದನ್ನ ಕೇಳೋಕೇ ಬಂದಿರೋದು.

ಡಾ. ನುಹಾ: ಮೊದಲು ಇಬ್ಬರೂ ಕೂತ್ಕೊಳ್ಳಿ. ಪೇಷಂಟ್ ಯಾರು?

ತಫೀದಾ: ಕಣ್ಣು ಅವರದು. ತೊಂದರೆ ನಂದು.

ಇದು ನಡೆದದ್ದು ಈಜಿಪ್ಟಿನ ತಾಂತಾ ಪಟ್ಟಣದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಕಣ್ಣಿನ ಕ್ಲಿನಿಕ್ಕಿನಲ್ಲಿ. ಮಾರನೆಯ ದಿನ ವಸಂತದ ಹಬ್ಬ. ಹಾಗಾಗಿ ತಫೀದಾ ಪೇಟೆಯಿಂದ ನೇರವಾಗಿ ಬಂದಿದ್ದಳು. ಅವಳ ಕಾಲ ಬಳಿಯ ಚೀಲದಲ್ಲಿ ಉಪ್ಪು ಹಾಕಿ ಕೊಳೆಸಿದ ಮೀನಿನ ಪೊಟ್ಟಣವಿತ್ತು. ಅದನ್ನು ಈರುಳ್ಳಿ ಕಚ್ಚಿಕೊಂಡು ತಿನ್ನುವ ಅಲ್ಲಿಯವರಿಗೆ ಆ ವಾಸನೆ ಎಂದರೆ ಹಬ್ಬದ ಘಮ. ಆದರೂ ಮುಚ್ಚಿದ ಕೋಣೆಯೊಳಗೆ ಅದು ಹಬ್ಬಕ್ಕಿಂತ ಸ್ವಲ್ಪ ಮುಂಚೆಯೇ ಬಂದ ನೆಂಟನ ಹಾಗಿತ್ತು. ಡಾಕ್ಟರಮ್ಮ ಎದ್ದು ಕಿಟಕಿ ತೆರೆದು ಬಂದು ಕೂತರು.

ಬಯೂಮಿ ಎಂಬುವನು ಆ ಊರಿನ ಹಳೆಯ ಇಸ್ತ್ರಿ ಅಂಗಡಿಯವನು. ಅವನ ಅತ್ತೆ, ಅಂದರೆ ತಫೀದಾಳ ತಾಯಿ ರತೀಬಮ್ಮ, ತೀರಿಕೊಂಡು ಒಂದು ತಿಂಗಳಾಗಿತ್ತು. ಇಡೀ ಓಣಿ ಅತ್ತಿತು. ಕೋಳಿ ಮಾರುವವಳು ಅತ್ತಳು. ರತೀಬಮ್ಮನ ಜೊತೆ ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯಾಕೆ ಎಲ್ಲರಿಗಿಂತ ಜೋರಾಗಿ ಅತ್ತಳು. ಮನೆಯ ಒಬ್ಬನೇ ಅಳಿಯ ಬಯೂಮಿ ಮಾತ್ರ ಕಲ್ಲುಗಂಬದ ಹಾಗೆ ಕೂತಿದ್ದ. ಮೂರು ದಿನದ ಸೂತಕ ಮುಗಿದ ಸಂಜೆ ತಫೀದಾ ತನ್ನ ಬಟ್ಟೆಗಂಟು ಕಟ್ಟಿ, ಅದೇ ಓಣಿಯ ತುದಿಯಲ್ಲಿರುವ ಅಣ್ಣ ಮಿತ್ವಲ್ಲಿಯ ಮನೆಗೆ ಹೋಗಿ ಕೂತಳು. ಓಣಿಯ ಹಿರಿಯರೆಲ್ಲ ಹೇಳಿ ನೋಡಿದರು. ಕೊನೆಗೆ ಬಯೂಮಿಯೇ, ನನ್ನ ಕಣ್ಣಲ್ಲಿ ನೀರೇ ಬರುವುದಿಲ್ಲ, ಅದೊಂದು ರೋಗವಂತೆ, ಔಷಧಿ ಅಂಗಡಿಯವನು ಹೇಳಿದ ಎಂದು ಹೇಳಿ ಕಳಿಸಿದ. ತಫೀದಾ ಅದಕ್ಕೊಂದು ಷರತ್ತು ಹಾಕಿದಳು. ಡಾಕ್ಟರು ತನ್ನ ಎದುರಿಗೇ ಪರೀಕ್ಷೆ ಮಾಡಬೇಕು. ನೀರಿಲ್ಲ ಎಂದರೆ ಗಂಡನ ಮನೆಗೆ ವಾಪಸ್ಸು. ಇದೆ ಎಂದರೆ ಅಣ್ಣನ ಮನೆಯೇ ಖಾಯಂ.

ಲೋಕದಲ್ಲಿ ಜನ ಡಾಕ್ಟರ ಹತ್ತಿರ ಹೋಗುವಾಗ ರೋಗ ಇಲ್ಲದಿರಲಪ್ಪಾ ಎಂದು ಬೇಡಿಕೊಳ್ಳುತ್ತಾರೆ. ಬಯೂಮಿ ಮೆಟ್ಟಿಲು ಹತ್ತುವಾಗ ಇರಲಪ್ಪಾ, ದೊಡ್ಡದೇ ಇರಲಪ್ಪಾ ಎಂದು ಬೇಡಿಕೊಂಡು ಬಂದಿದ್ದ.

ಡಾ. ನುಹಾ: ಸರಿ ಹಾಜಿ, ಹೇಳಿ. ಕಣ್ಣು ಉರಿಯತ್ತಾ?

ತಫೀದಾ: ಇವರನ್ನ ಹಾಜಿ ಅನ್ನಬೇಡಿ ಡಾಕ್ಟರಮ್ಮ. ಇವರು ಮಾಡಿರೋ ಯಾತ್ರೆ ಅಂದ್ರೆ ಅಂಗಡಿಯಿಂದ ಕಾಫಿಖಾನೆ, ಕಾಫಿಖಾನೆಯಿಂದ ಅಂಗಡಿ.

ಬಯೂಮಿ: ಉರಿಯತ್ತೆ. ಕೆಂಡ ಇಟ್ಟ ಹಾಗೆ ಉರಿಯತ್ತೆ.

ಡಾ. ನುಹಾ: ಮರಳು ಬಿದ್ದ ಹಾಗೆ—

ಬಯೂಮಿ: ಮರಳುಗಾಡೇ ಬಿದ್ದ ಹಾಗೆ.

ಡಾ. ನುಹಾ: ಬೆಳಿಗ್ಗೆ ಎದ್ದಾಗ ರೆಪ್ಪೆ—

ಬಯೂಮಿ: ಅಂಟಿಕೊಂಡಿರತ್ತೆ. ಗಂಜಿ ಹಾಕಿದ ಕಾಲರ್ ಥರ.

ಡಾ. ನುಹಾ: ಬಲಗಿವಿಯಲ್ಲಿ ಗಂಟೆ ಬಾರಿಸಿದ ಸದ್ದು?

ಬಯೂಮಿ: ಕೇಳ್ಸತ್ತೆ. ಎರಡೂ ಕಿವಿಯಲ್ಲಿ.

ಡಾ. ನುಹಾ: ಅದು ಈ ರೋಗದಲ್ಲಿ ಇರಲ್ಲ ಹಾಜಿ.

ಬಯೂಮಿ: ಹಾಗಾದ್ರೆ ಯಾವಾಗ್ಲೋ ಒಂದ್ಸಲ.

ತಫೀದಾ: ನೋಡಿದ್ರಾ? ಇದೇ. ಸಂತೆಯಲ್ಲಿ ಕತ್ತೆ ಕೊಳ್ಳೋಕೆ ಹೋದವನ ಥರ, ಅಂಗಡಿಯಲ್ಲಿರೋ ರೋಗ ಎಲ್ಲ ಕಟ್ಟಿಕೊಡಿ ಅಂತಾರೆ.

ಡಾಕ್ಟರಮ್ಮ ನಗು ತಡೆದುಕೊಂಡರು. ವಯಸ್ಸು ಚಿಕ್ಕದು, ಆದರೆ ಗಂಡ ಹೆಂಡಿರ ಜಗಳ ಕಂಡು ಗೊತ್ತಿದ್ದ ಹೆಣ್ಣುಮಗಳು. ಬಾಯಿಯೂ ಒಣಗುತ್ತದೆಯೇ ಎಂದು ಕೇಳಿದರು. ತಫೀದಾ, ಆ ಬಾಯಿಗೆ ಒಣಗಲು ಬಿಡುವೆಲ್ಲಿದೆ ಎಂದಳು. ಬಯೂಮಿ ಮಾತ್ರ ಈ ಸಲ ನಿಧಾನವಾಗಿ, ಸ್ವಲ್ಪ ನಾಚಿಕೆಯಿಂದ ಹೇಳಿದ. ಮುಂಚೆ ಬಟ್ಟೆಗೆ ನೀರನ್ನು ಬಾಯಲ್ಲೇ ತುಂಬಿಕೊಂಡು ಮಂಜಿನ ಹಾಗೆ ಉಗುಳಿ ಚಿಮುಕಿಸುತ್ತಿದ್ದನಂತೆ. ಅವನ ಅಪ್ಪ ಕಲಿಸಿದ ವಿದ್ಯೆ ಅದು. ಈಗೀಗ ನಾಲಿಗೆ ಹಲ್ಲಿಗೆ ಅಂಟಿಕೊಳ್ಳುತ್ತದೆ, ಅದಕ್ಕೇ ಪ್ಲಾಸ್ಟಿಕ್ ಡಬ್ಬಿಯಿಂದ ಚಿಮುಕಿಸುತ್ತಾನೆ. ಡಾಕ್ಟರಮ್ಮ ತಲೆಯಾಡಿಸಿ, ರಕ್ತವನ್ನೂ ಒಮ್ಮೆ ನೋಡಬೇಕಾಗುತ್ತದೆ ಎಂದರು.

ಡಾ. ನುಹಾ: ಪದೇ ಪದೇ ಕಣ್ಣು ಮಿಟುಕಿಸ್ತೀರಾ?

ತಫೀದಾ: ಅದನ್ನ ನನ್ನ ಕೇಳಿ. ಶವ ಎತ್ತುವಾಗ ಇವರು ನಮ್ಮಣ್ಣನಿಗೆ ಕಣ್ಣು ಹೊಡೆದ್ರು.

ಬಯೂಮಿ: ಮಿತ್ವಲ್ಲಿಗೆ ಕಣ್ಣು ಹೊಡೆದು ನನಗೇನು ಸಿಗಬೇಕು? ಆ ಮೀಸೆಗೆ?

ತಫೀದಾ: ಹೊಡೆದಿದ್ದು ನಿಜ ತಾನೆ?

ಬಯೂಮಿ: ಎರಡೂ ಕಣ್ಣು ಮುಚ್ಚಿದ್ದೆ ಕಣೆ. ಎರಡೂ ಮುಚ್ಚಿದ್ರೆ ಅದು ಕಣ್ಣು ಹೊಡೆಯೋದು ಹೇಗಾಗತ್ತೆ?

ತಫೀದಾ: ನಿಮ್ಮ ಎಡಗಣ್ಣು ಸೋಮಾರಿ. ಬಲಗಣ್ಣು ಮುಚ್ಚಿ ತೆಗೆದ ಮೇಲೆ ಅದು ಮುಚ್ಚತ್ತೆ. ಅಷ್ಟೇ ಅಲ್ಲ ಡಾಕ್ಟರಮ್ಮ. ಸೂತಕದ ಶಾಮಿಯಾನದಲ್ಲಿ ಸಕ್ಕರೆ ಇಲ್ಲದ ಕಾಫಿ ಕೊಡ್ತಾರಲ್ಲ, ಒಂದು ಲೋಟ ಕುಡಿದು ಎದ್ದು ಹೋಗೋದು ಮರ್ಯಾದೆ. ಇವರು ಮೂರು ಕುಡಿದ್ರು.

ಬಯೂಮಿ: ನಾನು ಕೇಳ್ಲಿಲ್ಲ. ಕಣ್ಣು ಮಿಟುಕಿಸಿದಾಗೆಲ್ಲ ಕಾಫಿಯವನು ಬಂದು ಸುರಿದ. ಬೇಡ ಅಂತ ಅವನ ಕಡೆ ನೋಡಿದ್ರೆ ಮತ್ತೆ ಮಿಟುಕಿತು. ಮತ್ತೆ ಸುರಿದ.

ತಫೀದಾ: ಅತ್ತೆ ಸತ್ತ ಖುಷಿಗೆ ಮೂರು ಲೋಟ ಇಳಿಸಿದ ಅಂತ ಈಗಲೂ ಮಾತಾಡ್ತಾರೆ ಜನ. ನಾನು ಪೇಟೆಯಲ್ಲಿ ತಲೆ ಎತ್ತಿಕೊಂಡು ಓಡಾಡಬೇಕೋ ಬೇಡವೋ?

ಆ ಕೊನೆಯ ಮಾತನ್ನು ಹೇಳುವಾಗ ಅವಳ ದನಿಯಲ್ಲಿ ಜಗಳ ಇರಲಿಲ್ಲ. ಬಯೂಮಿ ಕೆಳಗೆ ನೋಡಿದ. ಡಾಕ್ಟರಮ್ಮ ಎದ್ದು ದೀಪದ ಯಂತ್ರವನ್ನು ಎಳೆದುಕೊಂಡರು.

ಗಲ್ಲವನ್ನು ಪಟ್ಟಿಯ ಮೇಲೆ, ಹಣೆಯನ್ನು ಕಂಬಿಗೆ ಇಡಿಸಿ, ಕಣ್ಣಿನ ಅಂಚಿಗೆ ಹಳದಿ ಬಣ್ಣ ಮುಟ್ಟಿಸಿದರು. ಮಿಟುಕಿಸಿ ಎಂದಾಗ ಮಿಟುಕಿಸಬೇಕು, ಆಮೇಲೆ ಸಾಕು ಅನ್ನುವವರೆಗೆ ಮಿಟುಕಿಸಬಾರದು. ನೀಲಿ ದೀಪದಲ್ಲಿ ಬಯೂಮಿಯ ಕಣ್ಣು ಹಬ್ಬದ ರಾತ್ರಿಯ ಗಾಜಿನ ಲಾಂದ್ರದ ಹಾಗೆ ಹಸಿರಾಗಿ ಹೊಳೆಯಿತು.

ತಫೀದಾ: ಇದೇನು, ನನ್ನ ಗಂಡನಿಗೆ ಬಣ್ಣ ಹಾಕ್ತಿದ್ದೀರಿ?

ಡಾ. ನುಹಾ: ಕಣ್ಣಿನ ಮೇಲೆ ನೀರಿನ ಒಂದು ತೆಳು ಪದರ ಇರತ್ತಮ್ಮ. ಬಣ್ಣ ಹಾಕಿದ್ರೆ ಅದು ಕಾಣತ್ತೆ. ಮಿಟುಕಿಸಿದ ಮೇಲೆ ಅದು ಎಷ್ಟು ಹೊತ್ತು ಹರಿಯದೆ ನಿಲ್ಲತ್ತೆ ಅಂತ ಎಣಿಸ್ತೀನಿ. ಹತ್ತು ಸೆಕೆಂಡಾದ್ರೂ ನಿಲ್ಲಬೇಕು. ಮಿಟುಕಿಸಿ ಹಾಜಿ. ಈಗ ಬೇಡ. ಒಂದು, ಎರಡು, ಮೂರು... ಹರಿದುಹೋಯ್ತು.

ಬಯೂಮಿ: ಮೂರೇ? ಕೇಳಿಸ್ತಾ ಸಮೀಹಾನ ಅಮ್ಮಾ, ಮೂರಕ್ಕೇ ಹರಿದುಹೋಯ್ತಂತೆ.

ಓಟದ ಪಂದ್ಯದಲ್ಲಿ ಗೆದ್ದವನ ಹಾಗೆ ಹೇಳಿದ. ಸಮೀಹಾ ಎಂದರೆ ಅವರ ಮಗಳು, ಮದುವೆಯಾಗಿ ಇಸ್ಮಾಯಿಲಿಯಾದಲ್ಲಿದ್ದಾಳೆ. ತಫೀದಾ ಅಷ್ಟಕ್ಕೆಲ್ಲ ಬಗ್ಗುವವಳಲ್ಲ. ನನ್ನ ಕಣ್ಣಿಂದ ನೋಡಿದರೇ ನಂಬುವುದು ಎಂದು ಹಟ ಹಿಡಿದಳು. ಡಾಕ್ಟರಮ್ಮ ಕುರ್ಚಿ ಬಿಟ್ಟುಕೊಟ್ಟರು. ಅವಳು ಯಂತ್ರದ ಕೊಳವೆಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು; ಡಾಕ್ಟರಮ್ಮ ನೀಲಿ ದೀಪ ಆರಿಸಿ ಬಿಳಿಯದು ಹಾಕಿದ ಮೇಲೂ ಕಣ್ಣು ತೆಗೆಯಲಿಲ್ಲ.

ತಫೀದಾ: ನಿಮ್ಮ ಕಣ್ಣು ಕಪ್ಪು ಅಂದ್ಕೊಂಡಿದ್ದೆ. ಜೇನಿನ ಬಣ್ಣ.

ಬಯೂಮಿ: ಮಗಳಿಗೆ ಮದುವೆ ಮಾಡಿದ ಮೇಲೆ ಗೊತ್ತಾಯ್ತಾ?

ತಫೀದಾ: ನೀವು ಯಾವತ್ತು ನನ್ನ ನೇರವಾಗಿ ನೋಡಿದ್ರಿ, ಗೊತ್ತಾಗೋಕೆ? ಬೈಸಿಕೊಳ್ಳುವಾಗ ನೆಲ ನೋಡ್ತೀರಿ, ಊಟ ಮಾಡುವಾಗ ತಟ್ಟೆ ನೋಡ್ತೀರಿ.

ಡಾ. ನುಹಾ: ಪದರ ಹರಿಯೋದು ಕಾಣ್ತಾ ಅಮ್ಮ?

ತಫೀದಾ: ಕಾಣ್ತು. ಆದ್ರೆ ಹರಿದಿದ್ದು ಪದರ ತಾನೇ? ಒಳಗೆ ನೀರು ಇದೆಯೋ ಇಲ್ಲವೋ, ಅದನ್ನ ಹೇಳಿ.

ಡಾಕ್ಟರಮ್ಮನಿಗೆ ಈ ಪ್ರಶ್ನೆ ಹಿಡಿಸಿತು. ಅಂಗಡಿಯ ಮಾತಲ್ಲೇ ಹೇಳಿದರು. ಚಿಮುಕಿಸಿದ ನೀರು ಬಟ್ಟೆಯ ಮೇಲೆ ಬೇಗ ಆರಿಹೋಗುವುದು ಒಂದು ತೊಂದರೆ. ಡಬ್ಬಿಯಲ್ಲಿ ನೀರೇ ಇಲ್ಲದಿರುವುದು ಇನ್ನೊಂದು ತೊಂದರೆ. ಮೊದಲನೆಯದನ್ನು ಈಗ ನೋಡಿದ್ದಾಯಿತು. ಎರಡನೆಯದಕ್ಕೆ ಕಾಗದದ ಪಟ್ಟಿಯ ಪರೀಕ್ಷೆ. ಸಣ್ಣ ಪಟ್ಟಿಯ ತುದಿಯನ್ನು ಮಡಚಿ ಕೆಳಗಿನ ರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಬಿಡುವುದು. ನೀರು ಎಷ್ಟು ದೂರ ಇಳಿದಿದೆ ಎಂದು ಪಟ್ಟಿಯ ಮೇಲಿನ ಗೆರೆಗಳೇ ಹೇಳುತ್ತವೆ.

ಪಟ್ಟಿಯ ಮಾತು ಬಂದ ಕೂಡಲೇ ಬಯೂಮಿ ನೆಟ್ಟಗೆ ಕೂತ. ಇಷ್ಟಕ್ಕೇ ಕಾದಿದ್ದವನ ಹಾಗೆ ಎರಡೂ ಕಣ್ಣು ಅಗಲಿಸಿದ. ಅದನ್ನು ಕಂಡು ತಫೀದಾಳಿಗೆ ಅನುಮಾನ ಬಂತು. ಗಂಡನ ತಲೆಯ ಸುತ್ತ ಒಂದು ಸುತ್ತು ಬಂದಳು. ಅವನ ಕೂದಲೆಲ್ಲ ಹಿಂದಕ್ಕೆ, ಒಂದೇ ಕಡೆಗೆ, ಗಾಳಿಗೆ ಮಲಗಿದ ಗೋಧಿಯ ಹಾಗೆ ಮಲಗಿತ್ತು.

ತಫೀದಾ: ಫ್ಯಾನ್ ಮುಂದೆ ಕೂತಿದ್ರಾ?

ಬಯೂಮಿ: ಸೆಕೆ ಇತ್ತು.

ತಫೀದಾ: ಎಷ್ಟು ಹೊತ್ತು?

ಬಯೂಮಿ: ...ಬೆಳಿಗ್ಗೆಯಿಂದ.

ತಫೀದಾ: ಕಣ್ಣು ಬಿಟ್ಕೊಂಡು?

ಬಯೂಮಿ: ಪರೀಕ್ಷೆ ಅಂದ್ರೆ ಎಲ್ಲರೂ ತಯಾರಿ ಮಾಡ್ಕೊಂಡು ಬರ್ತಾರೆ ಕಣೆ. ಸಮೀಹಾ ಶಾಲೆಯಲ್ಲಿದ್ದಾಗ ನೀನೇ ಅವಳಿಗೆ ಹಾಲು ಕೊಟ್ಟು ಎಬ್ಬಿಸ್ತಿರ್ಲಿಲ್ವಾ?

ತಫೀದಾ: ಕಾಪಿ ಹೊಡೆಯೋಕೆ ಎಬ್ಬಿಸ್ತಿರ್ಲಿಲ್ಲ. ಇದು ಮೋಸ ಡಾಕ್ಟರಮ್ಮ. ನಾನು ಒಪ್ಪಲ್ಲ. ಇವರನ್ನ ನೆನೆಸಿ ಆಮೇಲೆ ಪರೀಕ್ಷೆ ಮಾಡಿ.

ಡಾ. ನುಹಾ: ಬೇಕಾಗಿಲ್ಲಮ್ಮ. ಫ್ಯಾನಿನಿಂದ ಮೇಲಿನದು ಒಣಗತ್ತೆ. ಪಟ್ಟಿ ಅಳೆಯೋದು ಒಳಗಿಂದ ಹೊಸದಾಗಿ ಬರೋದನ್ನ. ಬಟ್ಟೆ ಒಣಗಿಸಿದ್ರೆ ನಲ್ಲಿ ನಿಲ್ಲತ್ತಾ?

ತಫೀದಾ ಯೋಚಿಸಿ, ನಿಲ್ಲುವುದಿಲ್ಲ ಎಂದು ಒಪ್ಪಿದಳು. ಬಯೂಮಿಯ ಮುಖ ಬಾಡಿತು. ಒಂದು ದಿನದ ಗಾಳಿಯೆಲ್ಲ ದಂಡವಾಗಿತ್ತು. ಈಗ ನಿಜವಾಗಿಯೂ ಅವನಿಗೆ ಭಯವಾಯಿತು. ಯಾಕೆಂದರೆ ಕೇಳಿ, ಅವನಿಗೂ ಪೂರ್ತಿ ಗೊತ್ತಿರಲಿಲ್ಲ. ಔಷಧಿ ಅಂಗಡಿಯವನು ಬಾಯಿಮಾತಿಗೆ ಹೇಳಿದ್ದನ್ನು ಅವನು ಹಗ್ಗದ ಹಾಗೆ ಹಿಡಿದುಕೊಂಡಿದ್ದ. ಪಟ್ಟಿ ಒದ್ದೆಯಾದರೆ ತನ್ನೆದೆ ನಿಜವಾಗಿಯೂ ಕಲ್ಲೇ ಎಂದು ಅವನೇ ನಂಬಬೇಕಾಗುತ್ತಿತ್ತು.

ಡಾಕ್ಟರಮ್ಮ ಎರಡೂ ಕಣ್ಣಿಗೆ ಪಟ್ಟಿ ಸಿಕ್ಕಿಸಿದರು. ಕಣ್ಣು ಮೆಲ್ಲಗೆ ಮುಚ್ಚಿರಿ, ಅಲುಗಾಡಬೇಡಿ, ಮಾತಾಡಬೇಡಿ, ನಾನು ಪರದೆಯ ಆಚೆ ಇನ್ನೊಬ್ಬರನ್ನು ನೋಡಿ ಬರುತ್ತೇನೆ ಎಂದರು.

ತಫೀದಾ: ಅವರು ಮಾತಾಡಬಾರದು. ನಾನು ಮಾತಾಡಬಹುದಾ?

ಡಾ. ನುಹಾ: ಅಳಿಸಬೇಡಿ, ನಗಿಸಬೇಡಿ. ಉಳಿದದ್ದು ನಿಮ್ಮಿಷ್ಟ.

ಬಯೂಮಿಯ ಎರಡು ಕಣ್ಣಿಂದ ಎರಡು ಬಿಳಿ ನಾಲಿಗೆ ಕೆನ್ನೆಯ ಮೇಲೆ ಇಳಿಬಿದ್ದಿದ್ದವು. ಮದುವೆಯಾದಂದಿನಿಂದ ಗಂಡ ಕಣ್ಣನ್ನೂ ಬಾಯನ್ನೂ ಒಟ್ಟಿಗೆ ಮುಚ್ಚಿಕೊಂಡು, ನಿದ್ದೆ ಮಾಡದೆ, ತನ್ನೆದುರು ಕೂತದ್ದು ಇದೇ ಮೊದಲು. ತಫೀದಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ತಫೀದಾ: ನಿಮ್ಮ ಅಂಗಡಿಯಲ್ಲಿ ಬಟ್ಟೆಗೆ ಚೀಟಿ ಚುಚ್ಚಿ ನೇತುಹಾಕ್ತೀರಲ್ಲ, ಹಾಗೇ ಕಾಣ್ತಿದ್ದೀರಿ. ಯಾರ ಬಟ್ಟೆ ಅಂತ ಬರೆದಿಲ್ಲ, ಅಷ್ಟೇ.

ಬಯೂಮಿ ಮೂಗಲ್ಲೇ ಉಸಿರು ಬಿಟ್ಟ.

ತಫೀದಾ: ನಗಬೇಡಿ. ಡಾಕ್ಟರಮ್ಮ ಬೈತಾರೆ. ಈಗ ನಾನು ಕೇಳೋದಕ್ಕೆ ನೀವು ಎದುರು ಮಾತಾಡೋ ಹಾಗಿಲ್ಲ. ಅಮ್ಮ ಹೋದ ದಿನ ಬೆಳಿಗ್ಗೆ ಎಲ್ಲಿದ್ರಿ? ಅಳದಿದ್ದದ್ದು ಹಾಗಿರಲಿ. ಹೆಂಗಸರು ಅಮ್ಮನ ಮೈ ತೊಳೀತಿದ್ರು. ಮಿತ್ವಲ್ಲಿ ಬಾಗಿಲಲ್ಲಿ ನೆಲದ ಮೇಲೆ ಬಿದ್ದು ಹೊರಳ್ತಿದ್ದ. ನೀವು ಎಲ್ಲಿ ಅಂತ ಕೇಳಿದೆ. ಅಂಗಡಿ ಬಾಗಿಲು ತೆಗೆದಿದ್ದಾನೆ, ಇಸ್ತ್ರಿ ಮಾಡ್ತಿದ್ದಾನೆ ಅಂದ್ರು. ಅವತ್ತು. ಆ ಹೊತ್ತಲ್ಲಿ. ಇಷ್ಟು ದಿನ ನಾನು ಇದನ್ನ ಯಾರಿಗೂ ಹೇಳ್ಲಿಲ್ಲ. ಅಣ್ಣನಿಗೂ ಹೇಳ್ಲಿಲ್ಲ. ಅವನು ನಿಮ್ಮ ಕಾಲು ಮುರೀತಿದ್ದ.

ಬಯೂಮಿ ಏನೋ ಹೇಳಲು ಬಾಯಿ ತೆರೆದವನು ಡಾಕ್ಟರಮ್ಮನ ಮಾತು ನೆನಪಾಗಿ ಮುಚ್ಚಿಕೊಂಡ.

ತಫೀದಾ: ಅಮ್ಮ ನಿಮ್ಮನ್ನ ಅಳಿಯ ಅಂತ ನೋಡ್ಲಿಲ್ಲ. ನಮ್ಮ ಮನೇಲಿ ಪಾರಿವಾಳ ತುಂಬಿಸಿ ಹುರಿದ್ರೆ ದೊಡ್ಡದು ನಿಮಗೆ, ಸಣ್ಣದು ಮಿತ್ವಲ್ಲಿಗೆ. ಕೊನೆಯ ರಾತ್ರಿ ನನ್ನ ಹೆಸರು ಮರೆತಿದ್ಲು. ನನ್ನನ್ನ ಯಾರೋ ನರ್ಸ್ ಅಂದ್ಕೊಂಡು, ಬಯೂಮಿ ಊಟ ಮಾಡಿದ್ನಾ ಅಂತ ಕೇಳಿದ್ಲು. ಅಂಥವಳು ಹೋದ ಬೆಳಿಗ್ಗೆ ಯಾರ ಅಂಗಿ ಅಷ್ಟು ಅವಸರವಾಗಿತ್ತು ನಿಮಗೆ?

ಬಯೂಮಿಯ ಭುಜ ಅಲುಗಿತು. ಮತ್ತೆ ಅಲುಗಿತು. ಆಮೇಲೆ ಎದೆಯೊಳಗಿಂದ, ಖಾಲಿ ಬಾವಿಗೆ ಕೊಡ ಬಡಿದಂಥ ಸದ್ದು ಬಂತು. ಡಾಕ್ಟರಮ್ಮನ ಕಟ್ಟಪ್ಪಣೆ ಮರೆತು ಅವನು ಬಾಯಿ ಬಿಟ್ಟ. ಕಣ್ಣು ಮಾತ್ರ ಮುಚ್ಚಿಯೇ ಇತ್ತು.

ಬಯೂಮಿ: ಅತ್ತೇದೇ ಬಟ್ಟೆ ಕಣೆ.

ತಫೀದಾ: ಯಾವ ಬಟ್ಟೆ?

ಬಯೂಮಿ: ಮಕ್ಕಾದಿಂದ ತಂದಿದ್ರಲ್ಲ, ಬಿಳೀದು. ತಾವು ಹೋಗುವಾಗ ಸುತ್ತೋಕೆ ಅಂತ. ಪೆಟ್ಟಿಗೆಯಲ್ಲಿಟ್ರೆ ಮಡಿಕೆ ಬೀಳತ್ತೆ ಅಂತ ಪ್ರತಿ ರಂಜಾನಿಗೂ ನನ್ನ ಹತ್ರ ಇಸ್ತ್ರಿ ಮಾಡಿಸೋರು. ಸುಕ್ಕು ಬಟ್ಟೇಲಿ ದೇವರ ಮುಂದೆ ನಿಂತ್ರೆ ಇಸ್ತ್ರಿಯವನ ಅತ್ತೆ ಅಂತ ಯಾರು ನಂಬ್ತಾರೆ ಅನ್ನೋರು. ಈ ಸಲವೂ ಕೊಟ್ಟಿದ್ರು. ನಾಳೆ ಮಾಡ್ತೀನಿ ಅತ್ತೆ ಅಂದಿದ್ದೆ. ನಾಳೆ, ನಾಳೆ ಅಂತ ವಾರ ಆಯ್ತು. ಅವತ್ತು ಬೆಳಿಗ್ಗೆ ಮಿತ್ವಲ್ಲಿ ಬಂದು ಹೇಳಿದಾಗ ಅದು ಇನ್ನೂ ಮೂಲೇಲಿತ್ತು. ಮೈ ತೊಳೆದು ಮುಗಿಯೋದ್ರೊಳಗೆ ಇಸ್ತ್ರಿ ಮಾಡಿ ಕಳಿಸಬೇಕಿತ್ತು.

ತಫೀದಾ: ಅದನ್ನ ನನಗೆ ಯಾಕೆ ಹೇಳ್ಲಿಲ್ಲ?

ಬಯೂಮಿ: ಏನಂತ ಹೇಳಲಿ? ಊರಿಗೆಲ್ಲ ಹೊತ್ತಿಗೆ ಸರಿಯಾಗಿ ಕೊಟ್ಟೆ, ಅತ್ತೆಗೆ ಮಾತ್ರ ತಡ ಮಾಡಿದೆ ಅಂತಲಾ?

ಬಯೂಮಿ ಅಳುತ್ತಿದ್ದ. ಅಳು ಅಂದರೆ ಅಳುವೇ. ತುಟಿ ನಡುಗುತ್ತಿತ್ತು, ಮೂಗು ಕೆಂಪೇರಿತ್ತು, ಮೈಯೆಲ್ಲ ಅಲುಗಿ ಕುರ್ಚಿ ಕಿರುಗುಡುತ್ತಿತ್ತು. ಪಟ್ಟಿಗಳು ಮಾತ್ರ ಕೆನ್ನೆಯ ಮೇಲೆ ಗರಿಗರಿಯಾಗಿ, ಒಣಗಿದ ಎಲೆಯ ಹಾಗೆ ತೂಗುತ್ತಿದ್ದವು. ತಫೀದಾ ಮುಖ ಹತ್ತಿರ ತಂದು ನೋಡಿದಳು. ತುದಿಯಲ್ಲೊಂದು ಚೂರು ಹಳದಿ, ಅದರಾಚೆ ಬಿಳಿಯೋ ಬಿಳಿ.

ತಫೀದಾ: ಡಾಕ್ಟರಮ್ಮ, ಸ್ವಲ್ಪ ಬನ್ನಿ. ಇಲ್ಲಿ ಬರೀ ಗುಡುಗು. ಮಳೆನೇ ಇಲ್ಲ.

ಡಾಕ್ಟರಮ್ಮ ಬಂದರು. ಅಳಿಸಬೇಡಿ ಅಂದಿದ್ದೆ ಎಂದು ತಫೀದಾಳ ಕಡೆ ನೋಡಿದರೆ ಅವಳ ಕೆನ್ನೆ ಎರಡೂ ಕಾಲುವೆಯಾಗಿತ್ತು. ಹೊತ್ತು ನೋಡಿ ಪಟ್ಟಿ ತೆಗೆದು ಬೆಳಕಿಗೆ ಹಿಡಿದರು.

ಡಾ. ನುಹಾ: ಹತ್ತು ಮಿಲಿಮೀಟರ್ ದಾಟಿದ್ರೆ ಚಿಂತೆ ಇರ್ಲಿಲ್ಲ. ಐದಕ್ಕಿಂತ ಕಮ್ಮಿ ಅಂದ್ರೆ ಜೋರಾಗಿದೆ ಅಂತ. ನಿಮ್ಮದು ಬಲಗಣ್ಣು ಎರಡು, ಎಡಗಣ್ಣು ಮೂರು. ಅದೂ ಇಷ್ಟು ಅತ್ತ ಮೇಲೆ.

ಬಯೂಮಿ: ಅಂದ್ರೆ?

ಡಾ. ನುಹಾ: ನಿಮ್ಮ ಕಣ್ಣಲ್ಲಿ ನೀರಿಲ್ಲ ಹಾಜಿ. ನೀವು ಎಷ್ಟು ಅತ್ತರೂ ಹೊರಗೆ ಕಾಣಲ್ಲ.

ತಫೀದಾ ಎದ್ದಳು. ಮೀನಿನ ಚೀಲವನ್ನು ಗಂಡನ ಕೈಗೆ ಕೊಟ್ಟಳು. ಹಿಡ್ಕೊಳ್ಳಿ, ಮನೇಲಿ ಈರುಳ್ಳಿ ಇದೆಯಾ ಎಂದಳು. ಹೆಚ್ಚು ಮಾತಿಲ್ಲ, ಕ್ಷಮೆ ಗಿಮೆ ಏನೂ ಇಲ್ಲ. ಆ ಓಣಿಯಲ್ಲಿ ಹೆಂಗಸು ಮೀನಿನ ಚೀಲ ಕೊಟ್ಟು ಈರುಳ್ಳಿ ಕೇಳಿದಳೆಂದರೆ ರಾಜಿಯಾಯಿತೆಂದೇ ಲೆಕ್ಕ.

ಕತೆ ಇಲ್ಲಿಗೇ ಮುಗಿಯುತ್ತಿತ್ತು, ಬಯೂಮಿ ಸುಮ್ಮನಿದ್ದಿದ್ದರೆ. ಗೆದ್ದ ಗಂಡಸು ಸುಮ್ಮನಿರುವುದುಂಟೇ?

ಬಯೂಮಿ: ಡಾಕ್ಟರಮ್ಮ, ಇದು ಹಳೇ ರೋಗಾನೇ ಇರಬೇಕಲ್ಲ? ಅದನ್ನೂ ಒಂದು ಮಾತು ಹೇಳಿಬಿಡಿ. ಈ ರೋಗ ನಿನ್ನೆ ಮೊನ್ನೆ ಬಂದಿದ್ದು ಅಂತ ಇವಳ ಅಣ್ಣ ಅಂದ್ಕೊಳ್ಳೋದು ಬೇಡ.

ಡಾ. ನುಹಾ: ಕಣ್ಣಿನ ಮೇಲೆ ಗೀರುಗಳಿವೆ. ನೋಡಿದ್ರೆ ವರ್ಷಗಳಿಂದ ಇರೋ ಹಾಗಿದೆ.

ಬಯೂಮಿ: ಐದು ವರ್ಷ. ನನಗೇ ಗೊತ್ತು. ಐದು ವರ್ಷದಿಂದ ಈ ಕಣ್ಣಿಂದ ಒಂದು ಹನಿ ಕೆಳಗೆ ಬಿದ್ದಿಲ್ಲ ಡಾಕ್ಟರಮ್ಮ. ಸಮೀಹಾನ ಮದುವೇಲೂ ಬಿದ್ದಿಲ್ಲ.

ಬಾಗಿಲ ಹತ್ತಿರ ಹೋಗಿದ್ದ ತಫೀದಾ ನಿಂತಳು. ತಿರುಗಿ ಬಂದಳು. ಮೀನಿನ ಚೀಲವನ್ನು ವಾಪಸ್ಸು ತೆಗೆದುಕೊಂಡಳು.

ತಫೀದಾ: ಹೋದ ವರ್ಷ ನನ್ನ ಹೊಲಿಗೆ ಮೆಷಿನ್ ಕೊಟ್ಟು ಒಂದು ಜೋಡಿ ಪಂದ್ಯದ ಪಾರಿವಾಳ ತಗೊಂಡ್ರಲ್ಲ.

ಬಯೂಮಿ: ಅದು ಈಗ ಯಾಕೆ?

ತಫೀದಾ: ನಾನು ಸಿಟ್ಟು ಮಾಡಿ ಅಮ್ಮನ ಮನೆಗೆ ಹೋದೆ. ನೀವು ಕರೆಯೋಕೆ ಬಂದ್ರಿ. ಬಾಗಿಲಲ್ಲಿ ನಿಂತಿದ್ರಿ. ಮುಖದ ತುಂಬ ಕಣ್ಣೀರು. ಮೀಸೆಯಿಂದ ತೊಟ್ಟಿಕ್ಕಿ ಅಂಗಿಯೆಲ್ಲ ಒದ್ದೆ. ಅಳೋ ಗಂಡಸನ್ನ ಬಾಗಿಲಲ್ಲಿ ನಿಲ್ಲಿಸಬಾರದು ಮಗಳೇ ಅಂತ ಅಮ್ಮ ಹೇಳಿದ್ಲು. ಆ ಕಣ್ಣೀರು ನೋಡಿಯೇ ನಾನು ಮನೆಗೆ ಬಂದಿದ್ದು. ಹೊಲಿಗೆ ಮೆಷಿನ್ ಮಾತು ಮತ್ತೆ ಎತ್ತಲಿಲ್ಲ. ಅದು ಯಾರ ಕಣ್ಣೀರು?

ಬಯೂಮಿ ಡಾಕ್ಟರಮ್ಮನ ಕಡೆ ನೋಡಿದ. ಡಾಕ್ಟರಮ್ಮ ಪಟ್ಟಿಗಳ ಕಡೆ ನೋಡಿದರು. ಪಟ್ಟಿಗಳು ಸುಳ್ಳು ಹೇಳುವಂತಿರಲಿಲ್ಲ.

ಬಯೂಮಿ: ಒಂದೊಂದ್ಸಲ ಅಕಸ್ಮಾತ್ತಾಗಿ...

ತಫೀದಾ: ಒಂದು ಹನಿಯೂ ಬಿದ್ದಿಲ್ಲ ಅಂದ್ರಿ. ಐದು ವರ್ಷ ಅಂದ್ರಿ. ಈಗ ತಾನೇ.

ಬಯೂಮಿ: ಹೇಳಿದ್ರೆ ಬೇಜಾರು ಮಾಡ್ಕೋಬಾರದು.

ತಫೀದಾ: ಬೇಜಾರು ಆಮೇಲಿನ ಮಾತು. ಹೇಳಿ.

ಬಯೂಮಿ: ನಿಮ್ಮಮ್ಮ.

ತಫೀದಾ: ನಮ್ಮಮ್ಮ ಏನು?

ಬಯೂಮಿ: ಮೆಟ್ಟಿಲ ಹತ್ರ ಕಾದಿದ್ರು. ಕೈಲಿ ಮಣ್ಣಿನ ಹೂಜಿ. ಈ ಒಣ ಮುಖ ಹೊತ್ಕೊಂಡು ಮೇಲೆ ಹೋದ್ರೆ ನನ್ನ ಮಗಳು ಈ ಜನ್ಮದಲ್ಲಿ ಬರಲ್ಲ ಕಣೋ ಅಂದ್ರು. ನನಗೆ ಅಳು ಬರ್ತಿದೆ ಅತ್ತೆ, ನೀರು ಬರ್ತಿಲ್ಲ ಅಂದೆ. ಅದು ನನಗೆ ಗೊತ್ತು, ಅವಳಿಗೆ ಗೊತ್ತಾಗಬೇಕಲ್ಲ, ತಲೆ ಬಗ್ಗಿಸು ಅಂದ್ರು. ಬಗ್ಗಿಸಿದೆ. ಅಂಗೈಯಲ್ಲಿ ನೀರು ತಗೊಂಡು ಚಿಮುಕಿಸಿದ್ರು. ಸ್ವಲ್ಪ ಹೆಚ್ಚೇ ಆಯ್ತು.

ಕೆಳಗೆ ಬೀದಿಯಲ್ಲಿ ಯಾರೋ ಬೀನ್ಸ್ ಮಾರುವವನು ಕೂಗುತ್ತಿದ್ದ. ತಫೀದಾಳ ಮುಖ ಮೊದಲು ಬಿಗಿಯಿತು, ಆಮೇಲೆ ಒಂದು ಕಡೆಯಿಂದ ಸಡಿಲವಾಯಿತು. ಅವಳು ಗೋಡೆಗೆ ಕೈ ಕೊಟ್ಟು ನಕ್ಕಳು. ಅಮ್ಮ ಹೋದ ಮೇಲೆ ಅವಳು ನಕ್ಕದ್ದು ಇದೇ ಮೊದಲು. ನಗುತ್ತಲೇ ಕಣ್ಣೊರೆಸಿಕೊಂಡು, ಆ ಮುದುಕಿ ಇಬ್ಬರನ್ನೂ ಇಸ್ತ್ರಿ ಮಾಡಿಬಿಟ್ಟಳಲ್ಲ ಎಂದಳು.

ಡಾಕ್ಟರಮ್ಮ ಮೇಜಿನ ಖಾನೆಯಿಂದ ಪುಟ್ಟದೊಂದು ಸೀಸೆ ತೆಗೆದು ಮುಂದಿಟ್ಟರು. ಇದು ಕಣ್ಣೀರಿನ ಬದಲಿಗೆ ಹಾಕುವ ಹನಿ, ನಿಜವಾದ ಕಣ್ಣೀರಿನ ಹಾಗೇ ಇರುತ್ತದೆ, ದಿನಕ್ಕೆ ನಾಲ್ಕು ಸಲ ಹಾಕಿದರೆ ಉರಿ ಇಳಿಯುತ್ತದೆ, ಮಿಟುಕಿಸುವುದೂ ಕಡಿಮೆಯಾಗುತ್ತದೆ ಎಂದರು.

ಬಯೂಮಿ ಕೈ ಚಾಚಿದ. ತಫೀದಾ ಅದಕ್ಕಿಂತ ಮುಂಚೆ ಸೀಸೆಯನ್ನು ಎತ್ತಿಕೊಂಡಳು. ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿ, ತನ್ನ ಕರಿಯ ಗೌನಿನ ಜೇಬಿನ ತಳಕ್ಕೆ ಇಳಿಸಿದಳು. ಮೀನಿನ ಚೀಲ ಮತ್ತೆ ಗಂಡನ ಕೈಗೆ ಹೋಯಿತು.

ಬಯೂಮಿ: ಅದು ನನ್ನ ಔಷಧಿ ಕಣೆ. ನನ್ನ ಹತ್ರ ಇರಬೇಕು.

ತಫೀದಾ: ನಿಮ್ಮ ಹತ್ರ ಇದ್ರೆ ಅದನ್ನೂ ಪಾರಿವಾಳಕ್ಕೆ ಕೊಟ್ಟುಬಿಡ್ತೀರಿ. ಮುಂದಿನ ವಾರ ಅಮ್ಮನ ನಲವತ್ತನೇ ದಿನ. ಅಣ್ಣನ ಎದುರಿಗೆ ಎರಡು ಕಣ್ಣಿಗೂ ನಾನೇ ಹಾಕ್ತೀನಿ, ಅಂಗಿ ನೆನೆಯೋವರೆಗೆ. ಇನ್ಮೇಲೆ ಈ ಮನೇಲಿ ನೀವು ಯಾವಾಗ ಅಳಬೇಕು, ಎಷ್ಟು ಅಳಬೇಕು ಅನ್ನೋದು ನನ್ನ ಜೇಬಲ್ಲಿರತ್ತೆ. ನಡೀರಿ ಮನೆಗೆ.